ಮತದ್ವೇಷ, ಕುಲದ್ವೇಷ: ಷೈಲಾಕ್ ಮತ್ತು ನಾಥಾನರ ಪಾತ್ರಗಳ ವಿವೇಚನೆ

೧

ಕನ್ನಡದಲ್ಲಿ 'ಮತ' ಎಂಬ ಶಬ್ದಕ್ಕೆ ಧರ್ಮವೆಂಬ ಅರ್ಥದೊಡನೆ ಅಭಿಪ್ರಾಯವೆಂಬ ಅರ್ಥವೂ ಉಂಟು. ಅಭಿಪ್ರಾಯವನ್ನು ಮನುಷ್ಯನು ವಿಚಾರದಿಂದಲೋ ಭಯದಿಂದಲೋ ಬದಲಾಯಿಸಿಕೊಳ್ಳಬಲ್ಲನು. 'ಕುಲ'ವಾದರೋ ಹುಟ್ಟಿನೊಡನೆ ಬಂದದ್ದು. ಅದನ್ನು ಬಿಡುವುದು ಯಾರ ಕೈಯಲ್ಲಿಯೂ ಇಲ್ಲ. ಒಬ್ಬನನ್ನು ಅವನ ಮತಕ್ಕಾಗಿ ದ್ವೇಷಿಸುವುದೂ ಕುಲಕ್ಕಾಗಿ ದ್ವೇಷಿಸುವುದೂ ಫಲದಲ್ಲಿ ಸಮಾನವಾಗಿ ಕ್ರೂರವಾಗಬಹುದಾದರೂ ಸ್ವರೂಪದಲ್ಲಿ ಬೇರೆ ಬೇರೆ. ಯೂರೋಪಿನಲ್ಲಿ ಶತಮಾನಗಳ ಕಾಲ ನಡೆದುಬಂದ ಯೆಹೂದ್ಯದ್ವೇಷವು ಇತರ ಮತದ್ವೇಷಗಳಂತೆ ಒಂದು ಮತದ್ವೇಷವೇ, ಅಥವಾ ಬೇರೆ ಜಾತಿಯದೇ ಎಂಬ ಪ್ರಶ್ನೆಗೆ ಈ ಭೇದವೇ ಒರೆಗಲ್ಲಾಗಬಹುದು. ಈ ಪ್ರಶ್ನೆಯನ್ನು ಎರಡು ಪ್ರಸಿದ್ಧ ನಾಟಕಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು, ಷೇಕ್ಸ್‌ಪಿಯರನ 'ವೆನಿಸಿನ ವರ್ತಕ'. ಇನ್ನೊಂದು, ಜರ್ಮನ್ ಕವಿ ಲೆಸ್ಸಿಂಗನ 'ಜ್ಞಾನಿ ನಾಥಾನ್'.

ಮೊದಲು ಸಾಮಾನ್ಯ ಮತದ್ವೇಷದ ಒಂದು ಉದಾಹರಣೆಯನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ೧೬೦೫ರ ಸಿಡಿಮದ್ದಿನ ಒಳಸಂಚಿನ ತರುವಾಯ ರೋಮನ್ ಕ್ಯಾಥೊಲಿಕರ ಮೇಲಿನ ಸಂಶಯವು ಬಹುವಾಗಿ ಬೆಳೆಯಿತು. ೧೬೭೩ರ ಶಾಸನವು ಅವರನ್ನು ಸರ್ಕಾರಿ ಅಧಿಕಾರಗಳಿಂದಲೂ ೧೬೭೮ರ ಶಾಸನವು ಪಾರ್ಲಿಮೆಂಟಿನಿಂದಲೂ ಹೊರಗಿಟ್ಟಿತು. ೧೭೮೦ರಲ್ಲಿ ಲಂಡನ್ ನಗರದಲ್ಲಿ ಅವರಿಗೆ ವಿರೋಧವಾಗಿ ಭಯಂಕರವಾದ ದೊಂಬಿಯೇ ನಡೆಯಿತು. ಈ ನಿರ್ಬಂಧಗಳು ಬಹುಮಟ್ಟಿಗೆ ತೊಲಗಿದ್ದು ೧೮೨೯ರಲ್ಲಿ. ಈ ದ್ವೇಷವು ಅಲ್ಪವಾದುದೆಂದು ಯಾರೂ ಹೇಳಲಾರರು. ಆದರೂ ಅದಕ್ಕೆ ಒಂದು ಬಾಗಿಲಿತ್ತು. ನಿಯಮಿತವಾದ ಪ್ರತಿಜ್ಞೆಯನ್ನು ಮಾಡಿ, ಆಂಗ್ಲ ಚರ್ಚಿನ ಸಂಸ್ಕಾರವನ್ನು ಸ್ವೀಕರಿಸಿದವನಿಗೆ ಶಾಸನದ ಅಡ್ಡಿ ಅಲ್ಲಿಗೆ ಮುಗಿಯುತ್ತಿತ್ತು. ಆ ಬಾಗಿಲನ್ನು ಹೊಗುವುದು ಆತ್ಮಗೌರವವುಳ್ಳವನಿಗೆ ಮರಣಸಮಾನವಾಗಿದ್ದಿರಬಹುದು. ಬಾಗಿಲು ಇದ್ದುದಂತೂ ನಿಜ.

ಯೆಹೂದ್ಯರಿಗೂ ಕ್ರೈಸ್ತ ಚರ್ಚು ಇಂಥದೇ ಬಾಗಿಲನ್ನು ತೋರಿಸಿತ್ತು: ದೀಕ್ಷಾಸ್ನಾನ. ಆದುದರಿಂದ ಬಾಗಿಲು ಇತ್ತೇ ಎಂದು ಕೇಳಿದರೆ ಸಾಲದು. ಅದನ್ನು ಹೊಕ್ಕವನ ಗತಿ ಏನಾಯಿತೆಂದು ವಿಚಾರಿಸಬೇಕು. ಸ್ಪೇನ್ ದೇಶದಲ್ಲಿ ೧೩೯೧ರ ಹತ್ಯಾಕಾಂಡಗಳ ಕಾಲದಲ್ಲಿ ಸಾವಿರಾರು ಯೆಹೂದ್ಯರು ಕ್ರೈಸ್ತರಾದರು. ಹೀಗಿದ್ದರೂ ೧೪೪೯ರಲ್ಲಿ ಟೊಲೆಡೊ ನಗರದ ದಂಗೆಕೋರರು ಯೆಹೂದ್ಯ ವಂಶದಿಂದ ಬಂದ ಕ್ರೈಸ್ತರಿಗೆ ಯಾವ ಅಧಿಕಾರವೂ ಸಲ್ಲದೆಂದು ಶಾಸನಮಾಡಿದರು. ದೀಕ್ಷೆ ಹೊಂದಿದವರಲ್ಲಿ ಹಳಬರು ಹೊಸಬರೆಂಬ ಭೇದವು ಕ್ರೈಸ್ತಧರ್ಮಕ್ಕೆ ವಿರುದ್ಧವೆಂದು ಪೋಪ್ ಐದನೆಯ ನಿಕೊಲಸನು ಅದೇ ವರ್ಷ ಖಂಡಿಸಿದನು. ಆದರೆ ಧರ್ಮಗುರುವಿನ ಮಾತು ನಿಲ್ಲಲಿಲ್ಲ. 'ರಕ್ತಶುದ್ಧಿ'ಯ ನಿಯಮಗಳು ಮುಂದಿನ ಶತಮಾನದಲ್ಲಿ ಅನೇಕ ಸಂಸ್ಥೆಗಳಿಗೆ ಹರಡಿದವು. ಹೀಗೆ ಮತದ್ವೇಷವು ತನ್ನ ಧರ್ಮದ ವಿಧಿಯನ್ನೇ ಮೀರಿ ಕುಲದ್ವೇಷವಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅದೇ ಸ್ಪೇನಿನಲ್ಲಿ ಮುಸಲ್ಮಾನ ವಂಶದ ಕ್ರೈಸ್ತರಿಗೂ ಇದೇ ಗತಿಯಾಯಿತು. ೧೬೦೯ರಿಂದ ೧೬೧೪ರವರೆಗೆ ಸುಮಾರು ೩ ಲಕ್ಷ ಮೊರಿಸ್ಕೊ ಜನರನ್ನು, ಅವರು ದೀಕ್ಷೆ ಹೊಂದಿದವರಾಗಿದ್ದರೂ, ದೇಶದಿಂದ ಹೊರಡಿಸಲಾಯಿತು. ಆದುದರಿಂದ ಮತದ್ವೇಷವು ಕುಲದ್ವೇಷವಾಗಿ ಪರಿಣಮಿಸುವುದು ಯೆಹೂದ್ಯರ ವಿಷಯದಲ್ಲಿ ಮಾತ್ರವೇ ಎಂದು ಹೇಳುವುದು ಸರಿಯಲ್ಲ. ಅವರ ವಿಷಯದಲ್ಲಿ ಆ ಪರಿಣಾಮವು ಮತ್ತೆ ಮತ್ತೆ, ಬೇರೆ ಬೇರೆ ದೇಶಗಳಲ್ಲಿ, ಯೆಹೂದ್ಯರೇ ಇಲ್ಲದ ಕಡೆಗಳಲ್ಲಿಯೂ ಕಾಣಿಸಿಕೊಂಡಿತೆಂಬುದು ವಿಶೇಷ.

೨

ಇಂಗ್ಲೆಂಡಿನ ರಂಗಭೂಮಿಯು ಇದಕ್ಕೆ ನಿದರ್ಶನ. ೧೨೯೦ರಲ್ಲಿ ಮೊದಲನೆಯ ಎಡ್ವರ್ಡನು ಯೆಹೂದ್ಯರನ್ನು ಆ ದೇಶದಿಂದ ಹೊರಗಟ್ಟಿದನು; ಅವರು ಬಹಿರಂಗವಾಗಿ ಮರಳಿ ನೆಲಸಿದ್ದು ೧೬೫೬ರ ಈಚೆಗೆ. 'ವೆನಿಸಿನ ವರ್ತಕ'ವು ರಚಿತವಾದದ್ದು ಸುಮಾರು ೧೫೯೬-೯೭ರಲ್ಲಿ. ಅಂದಿನ ಪ್ರೇಕ್ಷಕರಲ್ಲಿ ಬಹುಮಂದಿ ತಮ್ಮ ಜೀವಮಾನದಲ್ಲಿ ಪ್ರಕಟವಾಗಿ ಯೆಹೂದ್ಯನಾಗಿ ಬಾಳುವ ಒಬ್ಬನನ್ನೂ ಕಂಡಿರಲಾರರು. ಅವರ ಮನಸ್ಸಿನಲ್ಲಿದ್ದ ಯೆಹೂದ್ಯನು ಹಳೆಯ ಕಥೆಗಳಿಂದಲೂ ಮಾರ್ಲೋವಿನ 'ಮಾಲ್ಟದ ಯೆಹೂದ್ಯ' ಮೊದಲಾದ ನಾಟಕಗಳಿಂದಲೂ ಮೂಡಿದವನು.

ಈ ನಾಟಕದ ವಿಮರ್ಶೆಯಲ್ಲಿ ಎರಡು ಪಕ್ಷಗಳುಂಟು. ಷೈಲಾಕನು ದ್ವೇಷದಿಂದ ಚಿತ್ರಿತನಾದ ವಿಕಟ ಪಾತ್ರವೆಂದು ಒಂದು ಪಕ್ಷ. ಪೀಡಿತನಲ್ಲಿ ಕವಿಯ ಅನುಕಂಪವು ವ್ಯಕ್ತವಾಗಿದೆಯೆಂದು ಇನ್ನೊಂದು. ಎರಡು ಪಕ್ಷದವರೂ ಆಧಾರವಾಗಿ ಹಿಡಿಯುವುದು ಮೂರನೆಯ ಅಂಕದಲ್ಲಿ ಷೈಲಾಕನು ತನ್ನವರ ಪರವಾಗಿ ಆಡುವ ಪ್ರಸಿದ್ಧ ಭಾಷಣವನ್ನು. ಆದರೆ ಆ ಭಾಷಣದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಷೈಲಾಕನು ಅಲ್ಲಿ ತನ್ನ ಮತವನ್ನು ಸಮರ್ಥಿಸುವುದೇ ಇಲ್ಲ. ತನ್ನ ಶರೀರವನ್ನು ಸಮರ್ಥಿಸುತ್ತಾನೆ. ಇಂದ್ರಿಯ, ಹಸಿವು, ರೋಗ, ಗಾಯ, ಇವು ತನ್ನವರಿಗೂ ಕ್ರೈಸ್ತರಿಗೂ ಸಮಾನವೆಂಬುದು ಅವನ ವಾದ. ಮತಕ್ಕಾಗಿ ಪೀಡಿತನಾದ ಕ್ಯಾಥೊಲಿಕನು ಹೀಗೆ ವಾದಿಸುವ ಕಾರಣವಿರಲಿಲ್ಲ. ಅವನ ಶರೀರವು ಮನುಷ್ಯಶರೀರವೆಂಬುದನ್ನು ಯಾರೂ ಸಂದೇಹಿಸಿರಲಿಲ್ಲ. ಆರೋಪವು ಹುಟ್ಟಿನ ಮೇಲೆ ಬಂದುದರಿಂದ ಉತ್ತರವೂ ಹುಟ್ಟಿನ ಪರವಾಗಿಯೇ ಬರಬೇಕಾಯಿತು. ಎರಡನೆಯ ಅಂಕದಲ್ಲಿ ಮೊರಾಕ್ಕೊದ ರಾಜಕುಮಾರನು ತನ್ನ ಮೈಬಣ್ಣಕ್ಕೆ ಹೇಸಬೇಡವೆಂದು ಬೇಡಿ, ರಕ್ತದ ಕೆಂಪಿನ ಪರೀಕ್ಷೆಗೆ ಸಿದ್ಧನಾಗುವುದೂ ಇದೇ ತರ್ಕ. ಆದರೆ ಷೈಲಾಕನ ಭಾಷಣವು ಸಾಮ್ಯವನ್ನು ಪ್ರತೀಕಾರದವರೆಗೂ ಎಳೆದು ಅಲ್ಲಿಗೆ ಮುಗಿಯುತ್ತದೆ. ಮನುಷ್ಯತ್ವದ ವಾದವು ಕೊಲೆಯ ನೆಪವಾಗುವುದರಿಂದ ಪ್ರೇಕ್ಷಕನ ಕನಿಕರಕ್ಕೂ ಭಯಕ್ಕೂ ಅದೇ ಮಾತು ಆಸರೆಯಾಗುತ್ತದೆ. ಎರಡು ಪಕ್ಷದ ವಿಮರ್ಶಕರಿಗೂ ಒಂದೇ ಭಾಷಣವು ಒದಗುವುದಕ್ಕೆ ಕಾರಣ ಇದೇ.

ನಾಟಕದ ನಿಜವಾದ ನಿಲುವನ್ನು ತಿಳಿಯಬೇಕಾದರೆ ಈ ಭಾಷಣಕ್ಕಿಂತ ಮತಾಂತರದ ಪ್ರಸಂಗಗಳನ್ನು ನೋಡುವುದು ಲೇಸು. ನ್ಯಾಯಸಭೆಯಲ್ಲಿ ಷೈಲಾಕನು ಕ್ರೈಸ್ತನಾಗಬೇಕೆಂದು ಆಂಟೋನಿಯೊ ಷರತ್ತು ಹಾಕುತ್ತಾನೆ. ಅದು ಆಸ್ತಿಯ ಪಾಲಿನ ಷರತ್ತುಗಳ ನಡುವೆ, ಅವುಗಳಲ್ಲೊಂದೆಂಬಂತೆ, ಬರುತ್ತದೆ. ನಾಟಕದ ಲೆಕ್ಕದಲ್ಲಿ ಅದು ದಯೆ. ಷೈಲಾಕನು ಒಪ್ಪಿ, ಮೈಗೆ ಸುಖವಿಲ್ಲವೆಂದು ಹೇಳಿ ಹೊರಟುಹೋಗುತ್ತಾನೆ. ಐದನೆಯ ಅಂಕದಲ್ಲಿ ಅವನು ಕಾಣಿಸಿಕೊಳ್ಳುವುದಿಲ್ಲ. ಆ ಹೊಸ ಕ್ರೈಸ್ತನು ವೆನಿಸಿನಲ್ಲಿ ಹೇಗೆ ಬಾಳಿದನೆಂಬ ಪ್ರಶ್ನೆಯನ್ನು ನಾಟಕವು ಎತ್ತುವುದೇ ಇಲ್ಲ.

ಆ ಪ್ರಶ್ನೆಗೆ ಉತ್ತರವು ಅವನ ಮಗಳ ಪಾತ್ರದಲ್ಲಿದೆ. ಜೆಸ್ಸಿಕ ತಾನಾಗಿಯೇ ತಂದೆಯನ್ನು ಬಿಟ್ಟು, ಲೊರೆಂಜೊವನ್ನು ವರಿಸಿ, ಕ್ರೈಸ್ತಳಾದವಳು. ಅವಳನ್ನು ಕುರಿತು ಮೂರು ಸಣ್ಣ ಮಾತುಗಳು ಬರುತ್ತವೆ. ತಂದೆಮಗಳ ರಕ್ತಮಾಂಸಗಳಿಗೆ ಯಾವ ಹೋಲಿಕೆಯೂ ಇಲ್ಲವೆಂದು ವೆನಿಸಿನ ಗೃಹಸ್ಥನೊಬ್ಬನು ಷೈಲಾಕನ ಎದುರಿಗೇ ಹೇಳುತ್ತಾನೆ. ಮಗಳನ್ನು ಒಪ್ಪಬೇಕಾದರೆ ಅವಳ ರಕ್ತವನ್ನೇ ಬೇರೆಯೆನ್ನಬೇಕಾಯಿತು. ಅವಳು ಬೆಲ್ಮಾಂಟಿಗೆ ಬಂದಾಗ ಗ್ರಾಷಿಯಾನೊ ಅವಳನ್ನು ಪಾಷಂಡಿಯೆಂದೇ ಸೂಚಿಸುತ್ತಾನೆ. ಸೇವಕನಾದ ಲಾನ್ಸಲಟನು ತಂದೆಯ ಪಾಪದಿಂದ ಅವಳಿಗೆ ಸದ್ಗತಿಯಿಲ್ಲವೆಂದು ಹಾಸ್ಯಮಾಡುತ್ತಾನೆ. ಗಂಡನು ತನ್ನನ್ನು ಕ್ರೈಸ್ತಳನ್ನಾಗಿ ಮಾಡಿದ್ದಾನೆಂದು ಅವಳು ಉತ್ತರ ಕೊಟ್ಟರೆ, ಹೀಗೆ ಕ್ರೈಸ್ತರು ಹೆಚ್ಚಿದರೆ ಹಂದಿಯ ಮಾಂಸದ ಬೆಲೆ ಏರುವುದೆಂದು ಅವನ ಗೊಣಗಾಟ. ಇವೆಲ್ಲ ವಿನೋದದ ಮಾತುಗಳೆಂಬುದು ನಿಜ. ಆದರೆ ಸಮಾಜವು ಗಂಭೀರವಾಗಿ ಒಪ್ಪಿಕೊಳ್ಳಲು ನಾಚುವುದನ್ನು ವಿನೋದದಲ್ಲಿ ಹೊರಗೆಡಹುವುದುಂಟು. ನಾಟಕದ ಕಥೆಯು ಬಾಗಿಲು ತೆರೆದಿದೆಯೆನ್ನುತ್ತದೆ. ಪಾತ್ರಗಳ ಬಾಯ್ಮಾತು ಅದು ಅರ್ಧ ಮುಚ್ಚಿದೆಯೆನ್ನುತ್ತದೆ. ಮತದ್ವೇಷ ಕುಲದ್ವೇಷಗಳೆರಡೂ ಒಂದೇ ಕೃತಿಯಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ.

೩

ಲೆಸ್ಸಿಂಗನು ೧೭೪೯ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, 'ಯೆಹೂದ್ಯರು' ಎಂಬ ಒಂದಂಕದ ಪ್ರಹಸನವನ್ನು ಬರೆದನು. ಕಳ್ಳರಿಂದ ಒಬ್ಬ ಶ್ರೀಮಂತನನ್ನು ಕಾಪಾಡಿದ ಉದಾರಿಯಾದ ಪ್ರಯಾಣಿಕನು ಕೊನೆಯಲ್ಲಿ ತಾನು ಯೆಹೂದ್ಯನೆಂದು ಹೇಳಿಕೊಳ್ಳುತ್ತಾನೆ. ಯೆಹೂದ್ಯರಂತೆ ವೇಷಹಾಕಿದ್ದ ಕಳ್ಳರು ಶ್ರೀಮಂತನ ಆಳುಗಳೇ ಆಗಿರುತ್ತಾರೆ. ೧೭೫೪ರಲ್ಲಿ ಇದು ಅಚ್ಚಾದಾಗ ಗಟಿಂಗನ್ನಿನ ವಿದ್ವಾಂಸ ಮಿಖಾಯೆಲಿಸನು, ಅಂಥ ಜನದ ನಡುವೆ ಅಷ್ಟು ಉದಾತ್ತನಾದವನು ಹುಟ್ಟುವುದು ಸಂಭಾವ್ಯವಲ್ಲವೆಂದು ಆಕ್ಷೇಪಿಸಿದನು. ಲೆಸ್ಸಿಂಗನು ಉತ್ತರವಾಗಿ ಯೆಹೂದ್ಯ ದಾರ್ಶನಿಕ ಮೋಸೆಸ್ ಮೆಂಡೆಲ್‌ಸೋನನ ಪತ್ರವೊಂದನ್ನು ಪ್ರಕಟಿಸಿದನು. ಪಾತ್ರವು ಅಸಂಭಾವ್ಯವೆಂಬ ವಾದಕ್ಕೆ ಜೀವಂತ ಮನುಷ್ಯನೇ ಸಾಕ್ಷಿಯಾಗಿ ಬಂದನು. ಸಾಹಿತ್ಯವಿಮರ್ಶೆಯಲ್ಲಿ 'ಸಂಭಾವ್ಯತೆ'ಯೆಂಬ ಶುದ್ಧ ಶಾಸ್ತ್ರೀಯ ಪದದ ಮರೆಯಲ್ಲಿ ಪೂರ್ವಾಗ್ರಹವು ಹೇಗೆ ಕುಳಿತಿರಬಲ್ಲುದೆಂಬುದಕ್ಕೆ ಈ ವಿವಾದವು ಉತ್ತಮ ದೃಷ್ಟಾಂತ.

೧೭೭೯ರ 'ಜ್ಞಾನಿ ನಾಥಾನ್' ನಾಟಕದ ಕೀರ್ತಿಯೆಲ್ಲ ಮೂರು ಉಂಗುರಗಳ ಉಪಕಥೆಯ ಮೇಲೆ ನಿಂತಿದೆ. ಬೊಕಾಚಿಯೊವಿನಿಂದ ಪಡೆದ ಆ ಕಥೆಯಲ್ಲಿ ತಂದೆಯು ಮೂವರು ಮಕ್ಕಳಿಗೂ ಒಂದೇ ತೆರನಾದ ಉಂಗುರಗಳನ್ನು ಕೊಡುತ್ತಾನೆ. ನಿಜವಾದದ್ದು ಯಾವುದೆಂದು ನಿರ್ಣಯಿಸಲಾಗುವುದಿಲ್ಲ. ಯೆಹೂದ್ಯ, ಕ್ರೈಸ್ತ, ಇಸ್ಲಾಂ ಮತಗಳ ಕಲಹಕ್ಕೆ ಇದು ಸಮರ್ಪಕವಾದ ಉತ್ತರವೆಂದು ಪ್ರಸಿದ್ಧಿ. ಮತದ್ವೇಷಕ್ಕೆ ಅದು ಉತ್ತರವೇ ಸರಿ. ಆದರೆ ಕುಲದ್ವೇಷಕ್ಕೆ ಆ ಕಥೆಯಲ್ಲಿ ಉತ್ತರವಿಲ್ಲ. ಏಕೆಂದರೆ ಕಥೆಯ ಮೂವರೂ ಒಬ್ಬನೇ ತಂದೆಯ ಮಕ್ಕಳೆಂದು ಆರಂಭದಲ್ಲಿಯೇ ಒಪ್ಪಿಯಾಗಿದೆ. ಅದನ್ನೇ ಒಪ್ಪದವನಿಗೆ ಉಂಗುರದ ಕಥೆಯಿಂದ ಪ್ರಯೋಜನವೇನು?

ಲೆಸ್ಸಿಂಗನು ಆ ಉತ್ತರವನ್ನು ಬೇರೆಡೆಯಲ್ಲಿ ಇಟ್ಟಿದ್ದಾನೆ. ನಾಥಾನನ ಹೆಂಡತಿಯೂ ಏಳು ಮಂದಿ ಗಂಡುಮಕ್ಕಳೂ ಕ್ರೈಸ್ತರ ಕೈಯಲ್ಲಿ ಬೆಂದುಹೋಗಿದ್ದರು. ದುಃಖದಿಂದ ಬೂದಿಯಲ್ಲಿ ಬಿದ್ದಿದ್ದ ಅವನಿಗೆ ಒಂದು ಕ್ರೈಸ್ತ ಶಿಶುವು ಒದಗಿತು. ಅದನ್ನು ಅವನು ಮಗಳೆಂದು ಸಾಕಿದನು. ಅವಳೇ ರೆಖಾ. ಕ್ರೈಸ್ತ ಶಿಶುವನ್ನು ಹಾಗೆ ಬೆಳೆಸಿದ ಯೆಹೂದ್ಯನನ್ನು ಸುಡಲೇಬೇಕೆಂದು ಜೆರೂಸಲೇಮಿನ ಧರ್ಮಾಧ್ಯಕ್ಷನ ತೀರ್ಪು; ಶಿಶುವಿನ ಪ್ರಾಣ ಉಳಿಯಿತೆಂಬ ವಾದವೂ ಅವನಿಗೆ ಲೆಕ್ಕಕ್ಕಿಲ್ಲ. ಹುಟ್ಟಿನ ಗುಟ್ಟು ತಿಳಿದಾಗ ರೆಖಾಳ ಸಂಕಟವೆಲ್ಲ ರಕ್ತವೊಂದರಿಂದಲೇ ಒಬ್ಬನು ತಂದೆಯಾಗುವನೇ ಎಂಬುದು. ಕೊನೆಯ ದೃಶ್ಯದಲ್ಲಿ ರೆಖಾಳೂ ಟೆಂಪ್ಲರ್ ಪಂಥದ ವೀರನೂ ಅಣ್ಣತಂಗಿಯರೆಂದು, ಸುಲ್ತಾನ ಸಲಾದೀನನ ತಮ್ಮನ ಮಕ್ಕಳೆಂದು ಗೊತ್ತಾಗುತ್ತದೆ. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಆ ಗುಂಪಿನಲ್ಲಿ ಯಾರೊಡನೆಯೂ ರಕ್ತಸಂಬಂಧವಿಲ್ಲದವನು ನಾಥಾನನೊಬ್ಬನೇ. ಇದನ್ನು ದೋಷವೆಂದೂ, ಯೆಹೂದ್ಯನು ಕಡೆಗೂ ಹೊರಗೇ ಉಳಿದನೆಂದೂ ಎಣಿಸಬಹುದು. ಆದರೆ ತಂದೆಯೆಂಬ ಹೆಸರಿಗೆ ಆ ಸಭೆಯಲ್ಲಿ ಅರ್ಹನಾದವನೂ ಅವನೇ. ರಕ್ತದಿಂದ ಎಲ್ಲರೂ ಬಂಧುಗಳೆಂದು ತೋರಿಸಿ ಮುಗಿಸಿದ್ದರೆ ಕುಲದ ತತ್ತ್ವವೇ ಗೆದ್ದಂತಾಗುತ್ತಿತ್ತು. ನಾಥಾನನನ್ನು ರಕ್ತದ ಹೊರಗಿಟ್ಟು, ಸಂಬಂಧದ ಕೇಂದ್ರದಲ್ಲಿ ನಿಲ್ಲಿಸಿದುದರಿಂದ ಆ ತತ್ತ್ವವು ಸೋಲುತ್ತದೆ. ಉಂಗುರಗಳ ಕಥೆಗಿಂತ ಸಾಕುತಂದೆಯ ಕಥೆಯೇ ಈ ನಾಟಕದ ಹೃದಯ.

೪

ಮುಂದಿನ ಇತಿಹಾಸವು ಈ ಭೇದದ ಮಹತ್ತ್ವವನ್ನು ಸ್ಥಾಪಿಸಿತು. ಕವಿ ಹೈನೆ ೧೮೨೫ರಲ್ಲಿ ದೀಕ್ಷೆ ಹೊಂದಿದನು. ಡಿಸ್ರೇಲಿಗೆ ಬಾಲ್ಯದಲ್ಲಿಯೇ, ೧೮೧೭ರಲ್ಲಿ, ದೀಕ್ಷೆಯಾಗಿತ್ತು. ಆದರೂ ನಿಂದಕರು ಇಬ್ಬರನ್ನೂ ಕಡೆಯವರೆಗೆ ಯೆಹೂದ್ಯರೆಂದೇ ಹಳಿದರು. ೧೮೭೯ರಲ್ಲಿ ವಿಲ್‌ಹೆಲ್ಮ್ ಮಾರನು ಯೆಹೂದ್ಯದ್ವೇಷಕ್ಕಾಗಿಯೇ ಒಂದು ಸಂಘವನ್ನು ಕಟ್ಟಿದನು. ಮತದ ಹೆಸರನ್ನು ಬಿಟ್ಟು 'ಸೆಮೈಟ್' ಎಂಬ ಜನಾಂಗವಾಚಕದಿಂದ ರೂಪಿಸಿದ ಹೊಸ ಪದವು ಆ ಕಾಲದಲ್ಲಿ ಬಳಕೆಗೆ ಬಂದಿತು. ೧೯೩೫ರ ನ್ಯೂರೆಂಬರ್ಗ್ ಶಾಸನಗಳು ಅದನ್ನು ರಾಜನೀತಿಯನ್ನಾಗಿ ಮಾಡಿದವು. ಇಲ್ಲೊಂದು ವಿಪರೀತವಿದೆ. ರಕ್ತವನ್ನು ಗುರುತಿಸುವ ಉಪಾಯ ಆ ಶಾಸನಕಾರರಿಗೆ ತಿಳಿಯಲಿಲ್ಲ. ಆದುದರಿಂದ ಒಬ್ಬನ ಅಜ್ಜ ಅಜ್ಜಿಯರಲ್ಲಿ ಮೂವರು ಅಥವಾ ನಾಲ್ವರು ಯೆಹೂದ್ಯ ಧರ್ಮಸಮಾಜಕ್ಕೆ ಸೇರಿದ್ದರೆ ಅವನು ಯೆಹೂದ್ಯನೆಂದು ವಿಧಿಸಿದರು. ಕುಲವನ್ನು ಸಾಧಿಸಲು ಮತದ ದಾಖಲೆಯೇ ಬೇಕಾಯಿತು. ಆದರೆ ಮತವನ್ನು ಬಿಟ್ಟವನಿಗೆ ಬಿಡುಗಡೆಯಿಲ್ಲ. ಕ್ಯಾಥೊಲಿಕ್ ಸಂನ್ಯಾಸಿನಿಯಾಗಿದ್ದ ಎಡಿತ್ ಸ್ಟೈನಳು ೧೯೪೨ರಲ್ಲಿ ಆಷ್‌ವಿಟ್ಜಿನಲ್ಲಿ ಹತಳಾದಳು. ೧೯೪೫ರ ಹೊತ್ತಿಗೆ ಸುಮಾರು ೬೦ ಲಕ್ಷ ಯೆಹೂದ್ಯರ ಕೊಲೆಯಾಗಿತ್ತು.

ಈ ಎರಡು ನಾಟಕಗಳೂ ಆ ಕಾಲವನ್ನು ಹಾದು ಬಂದವು. ೧೯೩೩ರ ಅಕ್ಟೋಬರಿನಲ್ಲಿ, ಜರ್ಮನ್ ರಂಗಗಳಿಂದ ಹೊರಹಾಕಲ್ಪಟ್ಟ ಯೆಹೂದ್ಯ ಕಲಾವಿದರು ಬರ್ಲಿನ್ನಿನಲ್ಲಿ ತಮ್ಮ ಜನರಿಗಾಗಿಯೇ 'ನಾಥಾನ್' ಆಡಿದರು. ೧೯೪೩ರಲ್ಲಿ ವಿಯೆನ್ನದ ರಾಷ್ಟ್ರೀಯ ರಂಗಮಂದಿರದಲ್ಲಿ ವರ್ನರ್ ಕ್ರೌಸನು ಷೈಲಾಕನಾದನು. ಯಾವ ಶಾಸನಗಳ ನೆರಳಿನಲ್ಲಿ ಆ ಪ್ರಯೋಗ ನಡೆಯಿತೋ ಅವುಗಳ ಪ್ರಕಾರ ಜೆಸ್ಸಿಕ ಲೊರೆಂಜೊರ ವಿವಾಹವೇ ಅಪರಾಧ. ಷೇಕ್ಸ್‌ಪಿಯರನು ಅರ್ಧ ತೆರೆದಿಟ್ಟಿದ್ದ ಬಾಗಿಲು ಅಲ್ಲಿ ಪೂರ್ತಿಯಾಗಿ ಮುಚ್ಚಿತ್ತು. ೧೯೪೫ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಜರ್ಮನ್ ರಂಗಮಂದಿರವು ಮತ್ತೆ ತೆರೆದಾಗ ಮೊದಲು ಆಡಿದ ನಾಟಕ 'ನಾಥಾನ್'.

ಮತದ್ವೇಷಗಳನ್ನು ಹೋಲಿಸುವುದು ಯಾರ ಸಂಕಟ ದೊಡ್ಡದೆಂದು ತೂಗುವುದಕ್ಕಲ್ಲ. ಮತಕ್ಕಾಗಿ ಸತ್ತವನ ಸಾವೂ ಸಾವೇ. ಆದರೆ ಯಾವುದೇ ಮತದ್ವೇಷವನ್ನು ಪರೀಕ್ಷಿಸುವವರು, ಮತವನ್ನು ಬಿಟ್ಟವನಿಗೂ ಅವನ ಮಕ್ಕಳಿಗೂ ಆ ದ್ವೇಷವು ತಪ್ಪುವುದೇ ಎಂದು ಕೇಳಬೇಕು. ತಪ್ಪದೆ ಇದ್ದರೆ ಅದು ಮತದ ಹೆಸರನ್ನು ಹೊತ್ತ ಕುಲದ್ವೇಷ; ಉಪದೇಶದಿಂದಾಗಲಿ ಸರ್ವಮತಸಮನ್ವಯದ ಮಾತಿನಿಂದಾಗಲಿ ಅದು ತೊಲಗದು. ಲಿಂಗದೀಕ್ಷೆಯಾದವನಿಗೆ ಪೂರ್ವದ ಕುಲವಿಲ್ಲವೆಂದು ಸಾರಿದ ಹನ್ನೆರಡನೆಯ ಶತಮಾನದ ಶರಣರನ್ನು ಬಲ್ಲ ಕನ್ನಡ ವಾಚಕರಿಗೆ ಈ ಪ್ರಶ್ನೆಯು ಅಪರಿಚಿತವಾದುದಲ್ಲ.

ಭಾರತದಲ್ಲಿ ಕೊಂಕಣ ತೀರದ ಬೆನೆ ಇಸ್ರೇಲರೂ, ೧೫೬೮ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರವುಳ್ಳ ಕೊಚ್ಚಿಯ ಯೆಹೂದ್ಯರೂ ಶತಮಾನಗಳ ಕಾಲ ನಿರುಪದ್ರವವಾಗಿ ನೆರೆಹೊರೆಯವರೊಡನೆ ಬಾಳಿದರು. ಆದರೂ ಇಲ್ಲಿಯ ವಿದ್ಯಾರ್ಥಿಗೆ ಯೆಹೂದ್ಯನ ಮೊದಲ ಪರಿಚಯವಾಗುವುದು ಹೆಚ್ಚಾಗಿ ಪಠ್ಯದಲ್ಲಿ ಬರುವ ಷೈಲಾಕನಿಂದ. ಎಲಿಜಬೆತ್ ರಾಣಿಯ ಕಾಲದ ಲಂಡನ್ನಿನ ಪ್ರೇಕ್ಷಕನಂತೆಯೇ ಅವನೂ ವ್ಯಕ್ತಿಯನ್ನು ಕಾಣುವ ಮೊದಲು ವೇಷವನ್ನು ಕಾಣುತ್ತಾನೆ. ಆದುದರಿಂದ ನ್ಯಾಯಸಭೆಯ ದೃಶ್ಯದೊಡನೆ ಜೆಸ್ಸಿಕಳ ದೃಶ್ಯಗಳನ್ನೂ ಬಿಡಿಸಿ ಹೇಳುವುದು, ಸಾಧ್ಯವಾದರೆ ಪಕ್ಕದಲ್ಲಿ ನಾಥಾನನ ಕಥೆಯನ್ನು ಇಡುವುದು ಅಧ್ಯಾಪಕರ ಕರ್ತವ್ಯ. ಅದರಿಂದ ಷೇಕ್ಸ್‌ಪಿಯರನ ಹಿರಿಮೆಗೆ ಕುಂದು ಬಾರದು. ಅವನ ಕೃತಿಯಲ್ಲಿ ಯಾವ ಮಾತು ಕವಿಯದು, ಯಾವುದು ಅವನ ಕಾಲದ್ದು ಎಂಬ ವಿವೇಕವು ವಿದ್ಯಾರ್ಥಿಗೆ ಲಭಿಸುವುದು.