ನಗೆಯ ಗುರಿ ಯಾರು? – ‘ಮಾಲ್ಗುಡಿ ಡೇಸ್’ನ ಸ್ವಾಮಿಯನ್ನು ಮತ್ತೆ ನೋಡಿದಾಗ

ನಗೆಯು ನಿರುಪದ್ರವಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕೋಪಕ್ಕೆ ಕಾರಣ ಕೇಳುವ ನಾವು ನಗೆಗೆ ಕಾರಣ ಕೇಳುವುದಿಲ್ಲ. ಆದರೆ ಬಾಣಕ್ಕಿರುವಂತೆ ನಗೆಗೂ ಒಂದು ಗುರಿಯಿರುತ್ತದೆ. ಆ ಗುರಿಯ ಸ್ಥಾನದಲ್ಲಿ ಎಂಟು ಹತ್ತು ವರ್ಷದ ಮಗು ನಿಂತಿದ್ದರೆ ಸಭೆಗೆ ವಿನೋದವಾದದ್ದು ಆ ಮಗುವಿಗೆ ಬಹುಕಾಲ ಉಳಿಯುವ ಗಾಯವಾಗಬಹುದು. ನಂಜನಗೂಡು, ತಿರುಮಕೂಡಲು ನರಸೀಪುರಗಳಂಥ ಊರುಗಳಲ್ಲಿ ಶಾಲೆಯ ವಾರ್ಷಿಕೋತ್ಸವವಾಗಲಿ, ಸಮಾಜದ ಸಭಾಭವನದ ಸಮಾರಂಭವಾಗಲಿ, ಮಕ್ಕಳ ಪ್ರಹಸನವಿಲ್ಲದಿದ್ದರೆ ಕಳೆಗಟ್ಟುವುದಿಲ್ಲ. ಕೈಗೆ ಮೊಬೈಲು ಬಂದ ಮೇಲಂತೂ ಮನೆಮನೆಯೂ ಚಿತ್ರೀಕರಣದ ಅಂಗಳವಾಗಿದೆ. ಇಂಥ ಕಾಲದಲ್ಲಿ, ಮಕ್ಕಳನ್ನು ಮುಂದಿಟ್ಟುಕೊಂಡು ನಗಿಸಿದ ನಮ್ಮದೇ ನಾಡಿನ ಒಂದು ಶ್ರೇಷ್ಠ ಕೃತಿಯನ್ನು ಮತ್ತೊಮ್ಮೆ ಪರಾಮರ್ಶಿಸುವುದು ಉಚಿತವೆನಿಸುತ್ತದೆ.

ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ಕಥೆಗಾರರ ಸೋದರ ಆರ್. ಕೆ. ಲಕ್ಷ್ಮಣರವು. ಇದರಲ್ಲಿ ಬಾಲಕ ಸ್ವಾಮಿನಾಥನ ಕಂತುಗಳು ಒಂದೊಂದೂ ಅರ್ಧ ಗಂಟೆಗಿಂತ ಕಿರಿದಾದ ಹಾಸ್ಯಚಿತ್ರಗಳೇ ಸರಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ಅಭಿನಯಿಸಿದರು. ಈ ಕಂತುಗಳಿಂದ ರೂಪುಗೊಂಡ ‘ಸ್ವಾಮಿ’ ಚಿತ್ರದ ಅಭಿನಯಕ್ಕೆ ಮಂಜುನಾಥ್ 1987ರ ಸಾಲಿನ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿಗೆ ಪಾತ್ರನಾದನು.

ಚಿತ್ರೀಕರಣ ಬಹುಪಾಲು ನಡೆದದ್ದು ಮಲೆನಾಡಿನ ಆಗುಂಬೆಯಲ್ಲಿ. ಅಲ್ಲಿಯ ಹಳೆಯ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಬೀದಿ, ಅಂಗಡಿ, ಜಗಲಿಗಳೇ ಮಾಲ್ಗುಡಿಯಾದವು. ಆದರೆ ಕಥೆಯ ಬೇರು ನಮ್ಮ ಮೈಸೂರು ಸೀಮೆಯದು. ನಾರಾಯಣರ ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ನಾರಾಯಣರು ಮಹಾರಾಜಾ ಕಾಲೇಜಿನಲ್ಲಿ ಓದಿ, ಬಾಳಿನ ಬಹುಭಾಗವನ್ನು ಆ ನಗರದಲ್ಲಿಯೇ ಕಳೆದರು. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅವರ ಮೊದಲ ಕಾದಂಬರಿ. ಸರಯೂ ನದಿಯ ಮರಳಿನಲ್ಲಿ ಕುಳಿತು ಹರಟುವ ಸ್ವಾಮಿ, ಮಣಿ, ರಾಜಂ ಎಂಬ ಮೂವರನ್ನು ಕಂಡಾಗ, ನಂಜನಗೂಡಿನ ಸೋಪಾನಗಳಲ್ಲಿ ಕುಳಿತು ಕಪಿಲೆಗೆ ಕಲ್ಲೆಸೆದವರಿಗೂ, ತಿರುಮಕೂಡಲಿನ ಸಂಗಮದಲ್ಲಿ ಈಜು ಕಲಿತವರಿಗೂ ಅದು ಪರರ ಕಥೆಯೆನಿಸುವುದಿಲ್ಲ.

ಈಗ ಮುಖ್ಯ ವಿಚಾರಕ್ಕೆ ಬರೋಣ. ‘ಎ ಹೀರೋ’ ಎಂಬ ಕಥೆಯಲ್ಲಿ, ಹಳ್ಳಿಯ ಹುಡುಗನೊಬ್ಬ ಹುಲಿಯನ್ನು ಎದುರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವೇ ಮುಖ್ಯವೆಂದು ಬೋಧಿಸಿ, ಅಜ್ಜಿಯ ಮಗ್ಗುಲು ಬಿಡದ ಮಗನನ್ನು ಆ ರಾತ್ರಿ ತನ್ನ ಕಚೇರಿಯ ಕೋಣೆಯಲ್ಲಿ ಒಬ್ಬನೇ ಮಲಗುವಂತೆ ಪಂಥಕ್ಕೆಳೆಯುತ್ತಾನೆ. ಹೆದರಿದ ಬಾಲಕ ಬೆಂಚಿನಡಿ ಅಡಗುತ್ತಾನೆ. ಕತ್ತಲಲ್ಲಿ ಹತ್ತಿರ ಬಂದ ಆಕೃತಿಯನ್ನು ದೆವ್ವವೆಂದು ತಿಳಿದು ಅದರ ಕಾಲನ್ನು ಕಚ್ಚಿ ಹಿಡಿಯುತ್ತಾನೆ. ಅದು ಕಳ್ಳನ ಕಾಲು! ಬೆಳಗಾಗುವಷ್ಟರಲ್ಲಿ ಸ್ವಾಮಿ ವೀರನೆನಿಸುತ್ತಾನೆ. ಆದರೆ ಮರುರಾತ್ರಿ ಅವನು ಎಂದಿನ ತಾವಿನಲ್ಲಿಯೇ ಮಲಗಿ ನಿದ್ರಿಸುತ್ತಿರುತ್ತಾನೆ.

ಇಲ್ಲಿ ನಾವು ಯಾರನ್ನು ಕಂಡು ನಗುತ್ತೇವೆ? ಹೆದರಿದ ಮಗುವನ್ನಲ್ಲ. ಮಗುವಿನ ಭಯವನ್ನು ಪಂಥದಿಂದ ಓಡಿಸಬಲ್ಲೆನೆಂದು ನಂಬಿದ ದೊಡ್ಡವರ ಹಮ್ಮನ್ನು ಕಂಡು ನಗುತ್ತೇವೆ. ಭಯವೇ ಪರಾಕ್ರಮವೆನಿಸಿಕೊಂಡ ಲೋಕದ ವೈಚಿತ್ರ್ಯವನ್ನು ಕಂಡು ನಗುತ್ತೇವೆ. ಬೆತ್ತದ ಪ್ರಸಂಗದಲ್ಲಿಯೂ ಹೀಗೆಯೇ. ಕ್ರಿಕೆಟ್ಟಿಗಾಗಿ ಡ್ರಿಲ್ ತಪ್ಪಿಸಿದ ಸ್ವಾಮಿ ಮುಖ್ಯೋಪಾಧ್ಯಾಯರ ಕೈಯಿಂದ ಬೆತ್ತವನ್ನು ಕಸಿದು ಕಿಟಕಿಯಾಚೆ ಎಸೆದು ಓಡುತ್ತಾನೆ. ಆ ಓಟ ಅವನನ್ನು ಕಾಡಿನವರೆಗೂ ಒಯ್ಯುತ್ತದೆ, ಕಾದು ಕುಳಿತಿದ್ದ ಪಂದ್ಯವನ್ನೂ ತಪ್ಪಿಸುತ್ತದೆ. ತಪ್ಪಿಗೆ ಫಲವುಂಟು, ಆದರೆ ಅಪಮಾನವಿಲ್ಲ. ಕಥೆ ಅವನನ್ನು ತಿದ್ದುತ್ತದೆಯೇ ಹೊರತು ಹಂಗಿಸುವುದಿಲ್ಲ.

ಮಂಜುನಾಥನ ಅಭಿನಯದ ಗುಟ್ಟೂ ಇಲ್ಲಿಯೇ ಇದೆ. ಅವನು ಪ್ರೇಕ್ಷಕರತ್ತ ಕಣ್ಣು ಮಿಟುಕಿಸುವುದಿಲ್ಲ, ದೊಡ್ಡವರ ಮಾತನ್ನು ಗಿಣಿಯಂತೆ ಒಪ್ಪಿಸುವುದಿಲ್ಲ. ಅವನಿಗೆ ತನ್ನ ಸಂಕಟ ನಿಜವಾದ ಸಂಕಟ. ಮಗು ಗಂಭೀರವಾಗಿರುವುದರಿಂದಲೇ ನಮಗೆ ನಗು ಬರುತ್ತದೆ. ಅಮೆರಿಕದಲ್ಲಿ 1922ರಿಂದ 1944ರವರೆಗೆ ಬಂದ ‘ಅವರ್ ಗ್ಯಾಂಗ್’ ಎಂಬ ಮಕ್ಕಳ ಕಿರುಹಾಸ್ಯಚಿತ್ರಗಳ ಮೊದಲ ನಿರ್ದೇಶಕರಲ್ಲೊಬ್ಬರಾದ ರಾಬರ್ಟ್ ಮೆಕ್‌ಗೋವನ್ ಇದೇ ಮರ್ಮವನ್ನು ಅರಿತಿದ್ದರು. ಓದಲು ಬಾರದ ಎಳೆಯರಿಗೆ ಮಾತು ಉರುಹೊಡೆಸದೆ, ಚಿತ್ರೀಕರಣಕ್ಕೆ ಮುನ್ನ ಸನ್ನಿವೇಶವನ್ನು ವಿವರಿಸಿ, ಅವರ ಸಹಜ ಪ್ರತಿಕ್ರಿಯೆಗೆ ಎಡೆಗೊಡುತ್ತಿದ್ದರು.

ಕೊರತೆಗಳಿಲ್ಲವೆಂದಲ್ಲ. ಸ್ವಾಮಿಯ ಗೆಳೆಯರ ಲೋಕದಲ್ಲಿ ಹೆಣ್ಣುಮಕ್ಕಳಿಗೆ ತಾವೇ ಇಲ್ಲ. ಕಾದಂಬರಿಯ ಈ ಮಿತಿಯನ್ನು ಚಿತ್ರವೂ ದಾಟಲಿಲ್ಲ. ವೈದ್ಯನಾಥನ್ ಅವರ ಮಧುರ ಸಂಗೀತವು ಕೆಲವೆಡೆ ಬೆತ್ತದ ಭಯವನ್ನೂ ಸವಿನೆನಪಾಗಿಸಿಬಿಡುತ್ತದೆ. ಬೆತ್ತ ತಿಂದವನಿಗೆ ಅದು ಸವಿಯಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ತೆರೆಯ ಮೇಲಿನ ಮಗುವಿನಷ್ಟೇ ತೆರೆಯ ಹಿಂದಿನ ಮಗುವೂ ಮುಖ್ಯ. ಚಾಪ್ಲಿನ್ನರ ‘ದಿ ಕಿಡ್’ (1921) ಚಿತ್ರದಿಂದ ಜಗತ್ಪ್ರಸಿದ್ಧನಾದ ಜಾಕಿ ಕೂಗನ್, ಬೆಳೆದ ಮೇಲೆ ತನ್ನ ಗಳಿಕೆ ಉಳಿದಿಲ್ಲವೆಂದು ಅರಿತು 1938ರಲ್ಲಿ ಹೆತ್ತ ತಾಯಿಯ ಮೇಲೆಯೇ ದಾವೆ ಹೂಡಬೇಕಾಯಿತು. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಬಾಲನಟರ ಗಳಿಕೆಯ ರಕ್ಷಣೆಗೆ ಕಾನೂನು ಬಂದಿತು. ನಮ್ಮ ದೇಶದಲ್ಲಿಯೂ 2017ರ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇಕಡ 20 ಭಾಗ ಮಗುವಿನ ಹೆಸರಿನ ಠೇವಣಿಯಾಗಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಪಾಲ್ಗೊಳ್ಳಿಸಲೂ ಕೂಡದು. ಮಂಜುನಾಥ್ ಮುಂದೆ ನಟನೆಯನ್ನು ಬಿಟ್ಟು ಓದಿನತ್ತ ಹೊರಳಿದನೆಂಬುದು ಈ ದೃಷ್ಟಿಯಿಂದ ಸಮಾಧಾನದ ಸಂಗತಿ. ಮಗುವಿಗೆ ಖ್ಯಾತಿಯಿಂದ ಹಿಂದಿರುಗುವ ದಾರಿಯೂ ತೆರೆದಿರಬೇಕು.

ಕಾನೂನು ಚಿತ್ರೋದ್ಯಮವನ್ನು ಕಾಯಬಹುದು, ಮನೆಯ ಜಗಲಿಯನ್ನೂ ನಮ್ಮ ಸಭಾಭವನದ ವೇದಿಕೆಯನ್ನೂ ಕಾಯುವವರು ನಾವೇ. ತೊದಲುವ ಮಗುವನ್ನು ತೊದಲಿಗಾಗಿಯೇ ನಿಲ್ಲಿಸುವುದು, ಸ್ಥೂಲದೇಹದ ಬಾಲಕನಿಗೆ ಸದಾ ಹೊಟ್ಟೆಬಾಕನ ಪಾತ್ರವನ್ನೇ ಕೊಡುವುದು, ಅಳುವ ಕೂಸನ್ನು ಚಿತ್ರಿಸಿ ಬಂಧುಬಳಗಕ್ಕೆಲ್ಲ ಹಂಚುವುದು, ಇವುಗಳಲ್ಲಿ ಯಾರೂ ಕೈಯೆತ್ತಿ ಹೊಡೆಯುವುದಿಲ್ಲ. ಆದರೂ ಪೆಟ್ಟು ಬೀಳುತ್ತದೆ. ಹಿಂಸೆಯು ಮನ, ವಚನ, ಕಾಯಗಳಿಂದ ಸಂಭವಿಸುತ್ತದೆಂದು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಹಸನವನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ. ಮುಂದಿನ ಸಮಾರಂಭಕ್ಕೆ ಮಕ್ಕಳನ್ನು ಸಿದ್ಧಗೊಳಿಸುವವರು ಸ್ವಾಮಿಯ ಒಂದೆರಡು ಕಂತುಗಳನ್ನು ಅವರೊಡನೆ ಕುಳಿತು ನೋಡಲಿ. ನೋಡಿದ ಮೇಲೆ, ಯಾರನ್ನು ಕಂಡು ನಕ್ಕಿರೆಂದು ಮಕ್ಕಳನ್ನೇ ಕೇಳಲಿ. ಉತ್ತರ ತಮ್ಮತ್ತಲೇ ಬೆರಳು ತೋರಿದರೆ ಹಿರಿಯರು ಬೇಸರಿಸಬೇಕಾಗಿಲ್ಲ. ತಮ್ಮನ್ನು ಕಂಡು ತಾವೇ ನಗಬಲ್ಲ ಹಿರಿಯರ ನಡುವೆ ಮಕ್ಕಳು ನಿರ್ಭಯವಾಗಿ ಬೆಳೆಯುತ್ತಾರೆ.