ಬಯಲುಸೀಮೆಯ ಕಪಾಟು

ಪುಸ್ತಕ ಕೂಡಿಡುವವರಿಗೆ ಮಲೆನಾಡಿಗಿಂತ ಬಯಲುಸೀಮೆಯೇ ಮೇಲು. ತೀರ್ಥಹಳ್ಳಿ, ಸಾಗರದ ಕಡೆಯ ಗೆಳೆಯರು ಈ ಮಾತನ್ನು ಕೂಡಲೇ ಒಪ್ಪುವುದಿಲ್ಲ. ಹೊರಗೆ ಜಡಿಮಳೆ, ಒಳಗೆ ಬಿಸಿ ಕಾಫಿ, ಮಡಿಲಲ್ಲಿ ದಪ್ಪ ಕಾದಂಬರಿ: ಓದು ಎಂದೊಡನೆ ನಮ್ಮೆಲ್ಲರ ಕಣ್ಣಮುಂದೆ ನಿಲ್ಲುವುದು ಆ ಸೀಮೆಯ ಚಿತ್ರವೇ. ಓದುವವರ ಸುಖದ ಮಟ್ಟಿಗೆ ಅದು ಸರಿ, ಪುಸ್ತಕದ ಆಯುಷ್ಯದ ಮಟ್ಟಿಗೆ ಅಲ್ಲ. ಗಾಳಿಯಲ್ಲಿ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹಾಳೆಯ ಕಲೆಯನ್ನು ಯಾವ ಬಿಸಿಲೂ ಪೂರ್ತಿ ತೆಗೆಯಲಾರದು. ಮಳೆಗಾಲದಲ್ಲಿ ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಸಾಗಿಸಿ ಉಳಿಸಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಅಂಥ ಪುಸ್ತಕಗಳಿಗೆ ಹೊಗೆಯ ವಾಸನೆ ಜೀವಮಾನವಿಡೀ ಅಂಟಿಕೊಂಡಿರುತ್ತದೆ.

ನಾನಿರುವ ಐಮಂಗಲದಲ್ಲಿ ಆ ಭಯವಿಲ್ಲ. ಇದು ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಪುಣೆ ಹೆದ್ದಾರಿ, ಹಿಂದಿನ ಎನ್‌ಎಚ್ 4, ಈಗಿನ 48, ಇಲ್ಲಿಂದಲೇ ಚಿತ್ರದುರ್ಗದ ಕಡೆಗೆ ಹೋಗುತ್ತದೆ. ಪೊಲೀಸ್ ತರಬೇತಿ ಶಾಲೆಯಿಂದಾಗಿ ಊರಿನ ಹೆಸರು ರಾಜ್ಯದ ಮೂಲೆಮೂಲೆಯ ಕಾನ್‌ಸ್ಟೆಬಲ್‌ಗಳಿಗೂ ಗೊತ್ತು. ಸುತ್ತ ಶೇಂಗಾ, ಈರುಳ್ಳಿ, ಈಚೆಗೆ ದಾಳಿಂಬೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಸಾಧಾರಣ ವರ್ಷದಲ್ಲಿ ಮಳೆ 600 ಮಿಲಿಮೀಟರ್ ಆಸುಪಾಸು. ರೈತರಿಗೆ ಕಷ್ಟದ ನೆಲ, ಕಾಗದಕ್ಕೆ ಮಾತ್ರ ಹಿತವಾದ ಗಾಳಿ. ಇಲ್ಲಿ ಪುಸ್ತಕಕ್ಕೆ ಶತ್ರುಗಳು ಎರಡೇ: ಗೆದ್ದಲಿನಂಥ ಹುಳು ಮತ್ತು ದೂಳು. ಗೆದ್ದಲಿಗಾಗಿ ನನ್ನ ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಿದ್ದೇನೆ. ಕೆಳಗಿನ ಅಂಕಣಕ್ಕೆ ಮರ ಬಳಸಿಲ್ಲ, ಕಡಪ ಕಲ್ಲು ಹಾಕಿಸಿದ್ದೇನೆ. ದೂಳು ಆಷಾಢದ ಗಾಳಿಯ ಜೊತೆ ಬರುತ್ತದೆ. ಅದಕ್ಕೆ ಒಣ ಬಟ್ಟೆ, ಮೆತ್ತನೆಯ ಬ್ರಷ್ಷು, ತಾಳ್ಮೆ. ಬೇವಿನ ಎಲೆ, ಬಜೆ ಬೇರು ಹುಳು ತಡೆಯಲು ತಾಳೆಗರಿಯ ಕಾಲದಿಂದ ಬಂದ ಉಪಾಯಗಳು. ಬೇವಿನ ಎಲೆಯನ್ನು ಹಸಿಯಾಗಿ ಹಾಳೆಗಳ ನಡುವೆ ಇಡಬಾರದು, ಕಲೆ ಕೂರುತ್ತದೆ. ನೆರಳಲ್ಲಿ ಒಣಗಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಗಿಡಬೇಕು.

ಇಷ್ಟು ಕಾಳಜಿ ಯಾಕೆಂದರೆ ನನ್ನ ಅನ್ನ ಹುಟ್ಟುವುದೇ ಆ ಕಪಾಟಿನಿಂದ. ಮನೆಯಲ್ಲಿ ಕೂತು ಬರೆದು ಬದುಕುವವನು ನಾನು. ಪತ್ರಿಕೆಗಳಿಗೆ ಲೇಖನ, ಪ್ರಕಾಶಕರಿಗೆ ಅನುವಾದ, ಕರಡು ತಿದ್ದುವುದು, ಪಂಪ್‌ಸೆಟ್ಟಿನ ಬಳಕೆದಾರರ ಕೈಪಿಡಿಯನ್ನು ಕನ್ನಡಕ್ಕೆ ತರುವುದು, ನಿವೃತ್ತರೊಬ್ಬರ ನೆನಪುಗಳನ್ನು ಪುಸ್ತಕದ ಹದಕ್ಕೆ ತರುವುದು, ಹೀಗೆ. ನಗರದಲ್ಲಿದ್ದರೆ ಒಂದು ಅನುಮಾನ ಬಂದಾಗ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಬರಬಹುದು. ಇಲ್ಲಿ ಕೈಗೆ ಸಿಗುವ ದೂರದಲ್ಲಿ ಏನಿದೆಯೋ ಅದೇ ಬಂಡವಾಳ. ಎಂಥ ಬರಗಾಲದಲ್ಲೂ ಈ ಸೀಮೆಯ ರೈತ ಬಿತ್ತನೆ ಬೀಜಕ್ಕೆ ಕೈ ಹಾಕುವುದಿಲ್ಲ. ಕಪಾಟಿನ ವಿಷಯದಲ್ಲಿ ನನ್ನ ನಿಯಮವೂ ಅದೇ: ಹಣದ ಅಡಚಣೆ ಬಂದರೂ ಆಕರ ಗ್ರಂಥಗಳನ್ನು ಮಾರುವುದಿಲ್ಲ, ಎರವಲು ಕೊಡುವುದಿಲ್ಲ. ಬೇಕಾದವರು ಮನೆಗೆ ಬಂದು, ಕೂತು, ಟೀ ಕುಡಿದು ಓದಬಹುದು.

ಒಂದು ಉದಾಹರಣೆ ಕೊಡುತ್ತೇನೆ. 2022ರ ಸೆಪ್ಟೆಂಬರ್ ಆರಂಭದಲ್ಲಿ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಸಲ 130 ಅಡಿ ಮುಟ್ಟಿ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ ಎಂದರೆ ಮೂರು ತಲೆಮಾರು ಕೋಡಿ ನೀರನ್ನೇ ನೋಡಿರಲಿಲ್ಲ. ಹಿರಿಯೂರು ಸೀಮೆಯ ಜನ ಟ್ರ್ಯಾಕ್ಟರ್‌ಗಳಲ್ಲಿ, ಬೈಕುಗಳಲ್ಲಿ ಕಣಿವೆಗೆ ನುಗ್ಗಿದರು. ಸಂಜೆಯೊಳಗೆ ಅಣೆಕಟ್ಟಿನ ಚರಿತ್ರೆ ಬರೆದುಕೊಡಿ ಎಂದು ಫೋನು ಬಂತು. ಅದೇ ಹೊತ್ತಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಿ. ಹಯವದನರಾಯರ ಮೈಸೂರು ಗೆಜೆಟಿಯರ್‌ನ ಸಂಪುಟಗಳು ಮೇಲಿನ ಅಂಕಣದಲ್ಲಿದ್ದವು. 1927ರಿಂದ 1930ರವರೆಗೆ ಐದು ಸಂಪುಟಗಳಾಗಿ ಬಂದ ಕೃತಿ ಅದು. ಅದನ್ನೂ ಜಿಲ್ಲಾ ಗೆಜೆಟಿಯರನ್ನೂ ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, ಕಿಟಕಿಯ ಬೆಳಕಲ್ಲಿ ಬರೆದೆ: 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಕೆಲಸ, ವೇದಾವತಿ ನದಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟು ಕಣಿವೆ, ಮಗನ ಪರವಾಗಿ ರಾಜ್ಯ ನಡೆಸುತ್ತಿದ್ದ ರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. ಅಷ್ಟು ಹೊತ್ತಿಗೆ ಮೊಬೈಲುಗಳಲ್ಲಿ ಓಡಾಡುತ್ತಿದ್ದ ಬರಹಗಳಲ್ಲಿ ಇಸವಿಗಳು ಒಂದೊಂದು ಕಡೆ ಒಂದೊಂದು ಥರ ಇದ್ದವು. ಆ ಲೇಖನದ ಸಂಭಾವನೆ ದೊಡ್ಡದೇನಲ್ಲ. ಆದರೆ ಆ ಸಂಪುಟಗಳಿಗೆ ನಾನು ಕೊಟ್ಟ ಹಣ ಸಾರ್ಥಕ ಅನ್ನಿಸಿದ ಸಂಜೆ ಅದು.

ನಿಘಂಟುಗಳ ಅಂಕಣ ಮೇಜಿನ ಎಡಗೈಗೆ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ್ದು. ನನ್ನಲ್ಲಿರುವುದು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಮದ್ರಾಸ್ ವಿಶ್ವವಿದ್ಯಾಲಯದ ಆವೃತ್ತಿ. ಅದರ ಪಕ್ಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಜಿ. ವೆಂಕಟಸುಬ್ಬಯ್ಯನವರು ಅದರ ಹಿಂದೆ ಇಟ್ಟ ಆಯುಷ್ಯ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಅವರು ಕೊನೆಯವರೆಗೂ ಪದಗಳ ಲೆಕ್ಕವನ್ನೇ ಮಾಡುತ್ತಿದ್ದರು. ಪರಿಷತ್ತಿನ ನಿಘಂಟನ್ನು ಅರ್ಥಕ್ಕಾಗಿ ಮಾತ್ರ ತೆಗೆಯುವವರು ಅದರ ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾರೆ. ಒಂದೊಂದು ಪದದ ಕೆಳಗೂ ಹಳಗನ್ನಡದಿಂದ ಈಚಿನವರೆಗೆ ಪ್ರಯೋಗಗಳನ್ನು ಸಾಲಾಗಿ ಕೊಟ್ಟಿದ್ದಾರೆ. ಅದನ್ನು ಕಾದಂಬರಿಯ ಹಾಗೆ ಓದಬೇಕು. ನಾನು ಓದುವುದೂ ಹಾಗೆಯೇ, ಊಟವಾದ ಮೇಲೆ, ಯಾವ ಪುಟ ತೆರೆಯಿತೋ ಅಲ್ಲಿಂದ.

ಬೆಳಗಿನ ಹೊತ್ತು ಓದಿಗೆ ಮೀಸಲು. ಹಾಲಿನವನು ಬಂದು ಹೋದ ಮೇಲೆ, ಬಿಸಿಲು ಅಂಗಳಕ್ಕೆ ಇಳಿಯುವ ತನಕ ಬರೆಯಲು ಕೂರುವುದಿಲ್ಲ. ಊರಿನವರಿಗೆ ಇದು ಬಿಡುವಿನಂತೆ ಕಾಣುತ್ತದೆ. ‘ಮನೇಲೇ ಇದೀರಲ್ಲ, ಬ್ಯಾಂಕಿಗೊಂದು ಅರ್ಜಿ ಬರ್ಕೊಡಿ’ ಎಂದು ಬರುತ್ತಾರೆ. ಬರೆದುಕೊಡುತ್ತೇನೆ, ಸಂತೋಷದಿಂದ. ಆದರೆ ಓದುವುದೇ ನನ್ನ ಕೆಲಸದ ದೊಡ್ಡ ಪಾಲು ಎಂಬುದನ್ನು ಹೇಳದೆ ಬಿಡುವುದಿಲ್ಲ. ಪ್ರಕಟವಾದ ಮೇಲೆ ಸಂಭಾವನೆ ಬರುವುದು ಪದಗಳ ಲೆಕ್ಕದಲ್ಲಿ. ಆ ಪದಗಳ ಹಿಂದೆ ಓದಿದ ಪುಟಗಳಿಗೆ ಯಾರೂ ಬಿಲ್ ಕೇಳುವುದಿಲ್ಲ, ನಾನೂ ಹಾಕುವುದಿಲ್ಲ. ಸ್ವತಂತ್ರ ಬರಹಗಾರನಾಗಬೇಕೆಂದು ಕೇಳಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವುದು ಲ್ಯಾಪ್‌ಟಾಪ್ ಯಾವುದೆಂದಲ್ಲ, ಮನೆಯಲ್ಲಿ ಎಷ್ಟು ಅಡಿ ಕಪಾಟಿದೆ ಎಂದು.

ಹಿಂದಿನವರು ಇದಕ್ಕಿಂತ ಕಷ್ಟದಲ್ಲಿ ಬರೆದು ಬದುಕಿದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಪೆನ್ನಿನಿಂದಲೇ ಸಂಸಾರ ತೂಗಿಸಿದರು. ನಿರಂಜನರು ಪಾರ್ಶ್ವವಾಯು ಬಡಿದ ಮೇಲೂ ಅಂಕಣ ನಿಲ್ಲಿಸಲಿಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ತ.ರಾ.ಸು. ಅವರ ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಪತ್ರಿಕೆಗಳಲ್ಲಿ ದುಡಿದು, ಆಮೇಲೆ ಬರವಣಿಗೆಯನ್ನೇ ನೆಚ್ಚಿ ಬಾಳಿದ ಅವರು ದುರ್ಗದ ಪಾಳೆಯಗಾರರ ಕಥೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲೇ ಬಂದಿದ್ದರೂ ಮದಕರಿನಾಯಕನ ಕೊನೆಯನ್ನು ಹೇಳುವ ‘ದುರ್ಗಾಸ್ತಮಾನ’ಕ್ಕೆ 1982ರವರೆಗೆ ಕಾದರು. 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1985ರಲ್ಲಿ ಬಂತು. ಅದೇ ತಳುಕಿನ ತ.ಸು. ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳು. ಮಲೆನಾಡಿನ ಕವಿ ತನ್ನ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಒಣನೆಲದ ಮೇಷ್ಟರಿಗೆ. ಬಯಲುಸೀಮೆಗೂ ಪುಸ್ತಕಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ತಳುಕಿನ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಹಳ್ಳಿಯಲ್ಲಿ ಪುಸ್ತಕ ಸಿಗುವ ದಾರಿಗಳು ಈಗ ಹಿಂದಿಗಿಂತ ಹೆಚ್ಚಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ, ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ, ಹಲವು ಕಡೆ ಮಕ್ಕಳಿಂದ ತುಂಬಿವೆ. ಅಂಚೆಯ ವಿಷಯದಲ್ಲಿ ಮಾತ್ರ ಒಂದು ಏಟು ಬಿತ್ತು. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋದಾಗ ಸಣ್ಣ ಪ್ರಕಾಶಕರು ಕಂಗಾಲಾದರು. ಪುಸ್ತಕದ ಬೆಲೆಗೆ ಅಂಚೆ ವೆಚ್ಚವೇ ಸಮನಾಗುವ ಸ್ಥಿತಿ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಪತ್ರಿಕೆಗಳಿಗೆ ಇದು ಸಲ್ಲದು, ಪುಸ್ತಕಗಳಿಗೆ ಸಲ್ಲುತ್ತದೆ. ಕೌಂಟರಿನಲ್ಲಿ ಈ ಹೆಸರು ಹೇಳಿಯೇ ಕೇಳಿ. ಹಳ್ಳಿಯ ಓದುಗರು ಕೇಳುತ್ತಿದ್ದರಷ್ಟೇ ಇಂಥ ಸೌಲಭ್ಯ ಉಳಿಯುತ್ತದೆ.

ನನಗೆ ಹೆಚ್ಚು ಪ್ರಿಯವಾದ ದಾರಿ ಮಾತ್ರ ಗುಜರಿ ಅಂಗಡಿ. ಹಿರಿಯೂರಿಗೆ, ದುರ್ಗಕ್ಕೆ ಹೋದಾಗಲೆಲ್ಲ ತಕ್ಕಡಿಯ ಪಕ್ಕದ ರಾಶಿಯಲ್ಲಿ ಕೈಯಾಡಿಸಿಯೇ ಬರುತ್ತೇನೆ. ಈಚೆಗೆ ಅಂಥ ಒಂದು ರಾಶಿಯಲ್ಲಿ ಹೊದಿಕೆಯೂ ಶೀರ್ಷಿಕೆಯ ಪುಟವೂ ಹೋದ ಒಂದು ಕಾದಂಬರಿ ಸಿಕ್ಕಿತು. ಯಾರದು, ಯಾವಾಗಿನದು ಗೊತ್ತಿಲ್ಲ. ಕೊನೆಯ ಹಾಳೆಯ ಜಾಹೀರಾತಿನಲ್ಲಿ ಬೇರೆ ಪುಸ್ತಕಗಳ ಬೆಲೆ ರೂಪಾಯಿ–ಆಣೆಗಳಲ್ಲಿತ್ತು. ನಯಾಪೈಸೆ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಹಾಗಾಗಿ ಪುಸ್ತಕ ಅದಕ್ಕೂ ಹಿಂದಿನದಿರಬೇಕು. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಚ್ಚಿನ ಮೊಳೆಗಳ ಒತ್ತು ತಾಕುತ್ತಿತ್ತು. ಕೆಲವು ಕಡೆ ಅರ್ಕಾವೊತ್ತು ಸವೆದು ಬರೀ ಗೀಟಾಗಿತ್ತು. ಪ್ರತಿ ಹದಿನಾರು ಪುಟಕ್ಕೊಮ್ಮೆ ಅಡಿಯಲ್ಲಿ ಪುಟ್ಟ ಅಂಕಿ: ಅದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಹದಿನಾರು ಪುಟಗಳ ಕಂತೆಯ ಸಂಖ್ಯೆ. ಅಂಕಿಗಳನ್ನು ಕೂಡಿಸಿ ನೋಡಿದಾಗ ಮೊದಲ ಫಾರಂನ ಹೊರ ಹಾಳೆ ಮಾತ್ರ ಇಲ್ಲವೆಂದು, ಕಥೆ ಪೂರ್ತಿ ಇದೆಯೆಂದು ಖಾತ್ರಿಯಾಯಿತು. ತೂಕದ ಬೆಲೆಗೆ ಮನೆಗೆ ತಂದೆ. ಕಾಗದ ಕಂದಿದೆ, ಅಂಚು ಮುಟ್ಟಿದರೆ ಉದುರುತ್ತದೆ. ಆ ಕಾಲದ ಅಗ್ಗದ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುತ್ತಿತ್ತು, ಜೊತೆಗೆ ಪಟಿಕದ ಆಮ್ಲ. ಎರಡೂ ಸೇರಿ ಒಳಗಿಂದಲೇ ತಿನ್ನುತ್ತವೆ. ಆದರೂ ಉಳಿದ ಹಾಳೆಗಳಲ್ಲಿ ಒಂದೇ ಒಂದೂ ಕಳಚಿ ಬಿದ್ದಿಲ್ಲ, ಯಾಕೆಂದರೆ ಅದು ಹೊಲಿಗೆಯ ಪುಸ್ತಕ.

ಈಗ ಬರುವ ಹೆಚ್ಚಿನ ಕನ್ನಡ ಪುಸ್ತಕಗಳು ಅಂಟಿನವು. ಬೆನ್ನನ್ನು ಕತ್ತರಿಸಿ, ಕಾಯಿಸಿದ ಅಂಟು ಬಳಿದು ರಟ್ಟು ಮೆತ್ತುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ. ನಮ್ಮ ಬೇಸಿಗೆಯ ಕಾವಿಗೆ, ಮಾಗಿಯ ಒಣ ಚಳಿಗೆ ಆ ಅಂಟು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಆಮೇಲೆ ನಿಘಂಟೊಂದನ್ನು ದಿನಕ್ಕೆ ಹತ್ತು ಸಲ ತೆರೆದು ನೋಡಿ: ಮೊದಲು ನಡುವಿನ ಹಾಳೆ ಬರುತ್ತದೆ, ಹಿಂದೆಯೇ ಅಕ್ಕಪಕ್ಕದವು. ಕಥೆ–ಕವಿತೆಗೆ ಅಂಟು ಹಾಕಿದರೆ ಸಹಿಸಬಹುದು. ನಿಘಂಟು, ಶಾಸನ ಸಂಪುಟ, ಸಮಗ್ರ ಸಂಪುಟಗಳಿಗೆ ಹೊಲಿಗೆಯೇ ಬೇಕು. ಅದಕ್ಕಾಗಿ ಬೆಲೆ ಸ್ವಲ್ಪ ಹೆಚ್ಚಾದರೂ ಕೊಳ್ಳುವವರು ಕೊಡುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಕೊಳ್ಳುವಾಗ ಪುಸ್ತಕವನ್ನು ಮೇಲಿನಿಂದ ನೋಡಿ. ಬೆನ್ನಿನ ಹತ್ತಿರ ಹಾಳೆಗಳು ಸಣ್ಣ ಸಣ್ಣ ಕಮಾನುಗಳಾಗಿ ಮಡಚಿಕೊಂಡಿದ್ದರೆ, ಒಂದು ಫಾರಂನ ನಡುವೆ ತೆರೆದಾಗ ದಾರ ಕಂಡರೆ, ಧೈರ್ಯವಾಗಿ ತನ್ನಿ.

ಹಳೆಯದನ್ನು ಬೈಂಡಿಂಗ್‌ಗೆ ಕೊಡುವವರು ಬೈಂಡರಿಗೆ ಬಾಯಿಬಿಟ್ಟು ಹೇಳಬೇಕಾದವು ಕೆಲವಿವೆ. ಪಕ್ಕದಿಂದ ಚುಚ್ಚಿ ಹೊಲಿಯುವುದು ಬೇಡ. ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಒಳ ಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋಗುತ್ತವೆ. ಫಾರಂ ಫಾರಂ ಬಿಡಿಸಿ ಮಡಿಕೆಯಲ್ಲೇ ಹೊಲಿಯಲಿ. ಮೂರು ಕಡೆ ಕಟಿಂಗ್ ಬೇಡವೇ ಬೇಡ, ಹಳೆಯ ಕಾಗದಕ್ಕೆ ಉಳಿದಿರುವ ಅಂಚೇ ಆಸ್ತಿ. ಮೂಲ ಹೊದಿಕೆ ಎಷ್ಟೇ ಹರಿದಿದ್ದರೂ ಎಸೆಯದೆ ಒಳಗೇ ಸೇರಿಸಿ ಕಟ್ಟಲಿ. ಮೈದಾ ಸರಿ ಕಾಯಿಸುವಾಗ ಚಿಟಿಕೆ ಮೈಲುತುತ್ತ ಹಾಕುವುದನ್ನು ಹಳೆಯ ಬೈಂಡರುಗಳು ಮರೆಯುವುದಿಲ್ಲ. ಹೊಸಬರಿಗೆ ನೆನಪಿಸಿ, ಹುಳು ಹತ್ತಿರ ಸುಳಿಯುವುದಿಲ್ಲ. ಕೊಡುವುದಾದರೆ ಮಾರ್ಚ್ ಒಳಗೆ ಕೊಡಿ. ಶಾಲೆಗಳ ನೋಟ್‌ಬುಕ್ಕಿನ ಹಂಗಾಮು ಶುರುವಾದರೆ ನಿಮ್ಮ ಪುಸ್ತಕ ಜುಲೈವರೆಗೆ ಅವರ ಅಟ್ಟದ ಮೇಲೆಯೇ ಇರುತ್ತದೆ.