ಚಂದ್ರಮತಿಯ ಅಳಲು ಮತ್ತು ಐಕ್ಯದ ಅರ್ಥ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ವೀರಶೈವ ಮನೆತನಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ‘ಸತ್ತರು’ ಎನ್ನುವುದಿಲ್ಲ, ‘ಲಿಂಗೈಕ್ಯರಾದರು’ ಎನ್ನುವರು. ಕಾಯಕ್ಕೆ ವಿಭೂತಿ ಧರಿಸಿ, ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ, ಅಲಂಕೃತವಾದ ವಿಮಾನದಲ್ಲಿ ಭಜನೆಯೊಡನೆ ಒಯ್ದು ಸಮಾಧಿ ಮಾಡುವರು. ಮರಣವು ನಾಶವಲ್ಲ, ಸಾಮರಸ್ಯ ಎಂಬ ದರ್ಶನವು ಈ ಪದದಲ್ಲಿಯೂ ವಿಧಿಯಲ್ಲಿಯೂ ಅಡಕವಾಗಿದೆ. ಆದರೆ ಬಳಕೆಯಲ್ಲಿ ಸವೆದ ಪದವು ಬರಿಯ ಶಿಷ್ಟೋಕ್ತಿಯಾಗುತ್ತದೆ. ಅಷ್ಟೇ ಅಲ್ಲ, ‘ಲಿಂಗೈಕ್ಯರಿಗಾಗಿ ಅಳಬಾರದು’ ಎಂದು ದುಃಖಿತರ ಬಾಯಿ ಕಟ್ಟುವ ಉಪದೇಶವೂ ಆಗುತ್ತದೆ. ಈ ಉಪದೇಶಕ್ಕೆ ವೀರಶೈವ ಕಾವ್ಯಪರಂಪರೆಯ ಸಮ್ಮತಿ ಇದೆಯೇ ಎಂಬುದು ವಿಚಾರಾರ್ಹ.

ಹರಿಹರನ ರಗಳೆಗಳನ್ನು ಮಾತ್ರ ನೋಡಿದರೆ ಇದೆ ಎಂದೇ ತೋರುವುದು. ಹಂಪೆಯ ವಿರೂಪಾಕ್ಷನ ಈ ಪರಮಭಕ್ತನಿಗೆ ಶರಣರ ಬಾಳು ಕೈಲಾಸದಿಂದ ಇಳಿದು ಕೈಲಾಸಕ್ಕೇ ಮರಳುವ ಯಾತ್ರೆ. ಮಹಾದೇವಿಯಕ್ಕನ ರಗಳೆಯ ಕೊನೆಯಲ್ಲಿ ಮರಣವೆಂಬುದು ಮನೆಗೆ ಹಿಂದಿರುಗುವ ಸಂಭ್ರಮ. ಹಿಂದೆ ಉಳಿದವರ ಕಣ್ಣೀರು ಅಲ್ಲಿ ಮುಖ್ಯವಲ್ಲ.

ಅವನ ಸೋದರಳಿಯನೆಂದು ಪ್ರಸಿದ್ಧನಾದ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಹರಿಶ್ಚಂದ್ರ ಕಾವ್ಯ’ದ ಮಾರ್ಗ ಬೇರೆ. ಹಾವು ಕಚ್ಚಿ ಲೋಹಿತಾಶ್ವ ಕಾಡಿನಲ್ಲಿ ಮಡಿಯುತ್ತಾನೆ. ದಾಸಿಯಾದ ತಾಯಿಗೆ ಮಗನ ಸಾವಿನ ದಿನವೂ ಬಿಡುವಿಲ್ಲ. ಒಡೆಯನ ಮನೆಯ ಕೆಲಸ ತೀರಿಸಿ ಇರುಳಿನಲ್ಲಿ ಹುಡುಕಿ ಹೊರಡಬೇಕು. ಕವಿಯು ಅವಳ ಅಳಲನ್ನು ಅವಸರದಿಂದ ಮುಗಿಸುವುದಿಲ್ಲ, ಅದರ ನಡುವೆ ವೈರಾಗ್ಯಬೋಧೆಯನ್ನು ತುರುಕುವುದೂ ಇಲ್ಲ. ಅಳುತ್ತಳುತ್ತಲೇ ಅವಳು ಮಗನನ್ನು ಹೊತ್ತು ಸುಡುಗಾಡಿಗೆ ತರುತ್ತಾಳೆ, ಚಿತೆಗೆ ಅಣಿಮಾಡುತ್ತಾಳೆ. ಮನಸ್ಸು ಒಪ್ಪದ ಸಾವನ್ನು ಕೈಗಳು ಮೊದಲು ಒಪ್ಪಿಕೊಳ್ಳುತ್ತವೆ. ಸ್ವೀಕಾರವೆಂಬುದು ಹೀಗೆಯೇ ಮೊದಲಾಗುತ್ತದೆ ಎಂಬ ಅರಿವು ಕವಿಗಿದ್ದಿತು. ಸುಡುಗಾಡು ಕಾಯುವ ಹರಿಶ್ಚಂದ್ರನು ಅವಳನ್ನು ಗುರುತಿಸಿದ ಮೇಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಬಿಡಲೊಲ್ಲ. ಇದನ್ನು ಕಲ್ಲೆದೆಯೆಂದು ಓದುವುದು ಸರಿಯಲ್ಲ. ಚಂದ್ರಮತಿಯ ಪ್ರಲಾಪ ಪಕ್ಕದಲ್ಲಿ ಇರುವುದರಿಂದಲೇ ಆ ಸ್ಥೈರ್ಯದ ಬೆಲೆ ಓದುಗನಿಗೆ ತಿಳಿಯುವುದು. ಅಳಲನ್ನು ತೆಗೆದುಹಾಕಿದರೆ ಉಳಿಯುವುದು ಬರಿಯ ಹಟ.

ಕಾವ್ಯದ ಮಿತಿಯನ್ನೂ ಹೇಳಬೇಕು. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಲೋಹಿತಾಶ್ವನನ್ನು ಬದುಕಿಸಿಕೊಡುತ್ತಾನೆ. ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಆ ವರವಿಲ್ಲ. ಆದುದರಿಂದ ಮರಣವನ್ನು ಅರಿಯಬಯಸುವ ಓದುಗನಿಗೆ ಮಂಗಳಾಂತ್ಯಕ್ಕಿಂತ ಸುಡುಗಾಡಿನ ಭಾಗವೇ ಹೆಚ್ಚು ನಿಜವಾದುದು.

ಷಟ್‌ಸ್ಥಲ ಸಿದ್ಧಾಂತವೂ ಈ ಓದಿಗೆ ವಿರುದ್ಧವಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಸ್ಥಲಗಳನ್ನು ಏರಿದ ಮೇಲಿನದು ಐಕ್ಯ. ಅದು ಬದುಕಿರುವಾಗಲೇ ಸಾಧಿಸಬೇಕಾದ ನೆಲೆ, ಉಸಿರು ನಿಂತೊಡನೆ ಯಾರಿಗೂ ತಾನಾಗಿ ಒದಗುವ ಬಿರುದಲ್ಲ. ಸಾಧಕನಿಗೆ ಇಡೀ ಬಾಳು ಬೇಕಾದ ಆ ಸ್ಥಿತಿಯನ್ನು ನಿನ್ನೆ ವಿಧವೆಯಾದವಳಿಂದ ಒಂದೇ ರಾತ್ರಿಯಲ್ಲಿ ನಿರೀಕ್ಷಿಸುವುದು ಸಿದ್ಧಾಂತಕ್ಕೂ ಸಲ್ಲದು.

ಶರಣರನ್ನು ಬಿಟ್ಟು ಹರಿಶ್ಚಂದ್ರನನ್ನು ಹಾಡಿದನೆಂದು ಹರಿಹರನು ಕೋಪಗೊಂಡು ಹೊಡೆಯಲು ರಾಘವಾಂಕನ ಹಲ್ಲುಗಳು ಉದುರಿದವೆಂದೂ, ಮುಂದೆ ಶಿವಶರಣರ ಕಾವ್ಯಗಳನ್ನು ರಚಿಸಿ ಅವನ್ನು ಮರಳಿ ಪಡೆದನೆಂದೂ ಐತಿಹ್ಯ. ಆ ಕಥೆಯನ್ನು ನಂಬುವವರೂ ಗಮನಿಸಬೇಕಾದುದೊಂದಿದೆ: ‘ಸಿದ್ಧರಾಮ ಚಾರಿತ್ರ’ವನ್ನು ಬರೆದ ಆ ಕವಿಯ ಮೊದಲ ಕಾವ್ಯದಲ್ಲಿ ಚಂದ್ರಮತಿ ಇಂದಿಗೂ ಅಳುತ್ತಿದ್ದಾಳೆ.